ಸಿಂಥಸೈಸರ್ ವಿಮರ್ಶೆ ಬರೆಯುವ ಮುನ್ನ: ಹಳೆಯ, ಹೊಸ ಕೀಬೋರ್ಡುಗಳನ್ನು ಪರೀಕ್ಷಿಸುವ ಕ್ರಮ

ಬಳ್ಳಾರಿಯಿಂದ ರಾಯಚೂರಿನವರೆಗೆ ಯಾವ ಊರಿಗೆ ಹೋದರೂ ಕರಿ-ಬಿಳಿ ಮನೆಗಳಿರುವ ವಿದ್ಯುತ್ ವಾದ್ಯಕ್ಕೆಲ್ಲ ‘ಕ್ಯಾಸಿಯೊ’ ಎಂದೇ ಹೆಸರು. ಅದು ಯಮಹಾ ಆಗಿರಲಿ, ರೋಲ್ಯಾಂಡ್ ಆಗಿರಲಿ, ಕೊರ್ಗ್ ಆಗಿರಲಿ, ಕರೆಯುವುದು ಹಾಗೆಯೇ. ಕೇಳುವ ಮೊದಲ ಪ್ರಶ್ನೆಯೂ ಒಂದೇ: ‘ಎಷ್ಟು ಟೋನ್ ಅದಾವ್ರಿ?’ ಈ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಕೊಟ್ಟು ಮುಗಿಸಿದ ವಿಮರ್ಶೆಯಿಂದ ಓದುಗನಿಗೆ ಯಾವ ಉಪಯೋಗವೂ ಆಗುವುದಿಲ್ಲ. ಇಂದಿನ ಮಧ್ಯಮ ಬೆಲೆಯ ಕೀಬೋರ್ಡಿನಲ್ಲಿ ನೂರಾರು ಟೋನ್‌ಗಳಿರುವುದು, ಅಂದರೆ ಸಿದ್ಧ ನಾದಗಳಿರುವುದು, ಸಾಮಾನ್ಯ ಸಂಗತಿ. ವಿದ್ಯುತ್ತಿನಿಂದ ನಾದ ಹುಟ್ಟಿಸುವ ಸಿಂಥಸೈಸರ್‌ಗಳಲ್ಲಿ ಒಂದಾದ, 1970ರಲ್ಲಿ ಬಂದ ಮಿನಿಮೂಗ್‌ನಲ್ಲಿ ಸಿದ್ಧ ಟೋನ್ ಎಂಬುದು ಒಂದೂ ಇರಲಿಲ್ಲ, ಆದರೂ ಅದರ ನಾದವನ್ನು ಹಿಡಿಯಲು ಹೊರಟ ವಾದ್ಯಗಳು ಇಂದಿಗೂ ಮಾರುಕಟ್ಟೆಗೆ ಬರುತ್ತಲೇ ಇವೆ. ಒಂದು ವಾದ್ಯ ಬೇರೆ ಯಾವುದೂ ಮಾಡದ ಯಾವ ಕೆಲಸವನ್ನು ಮಾಡುತ್ತದೆ ಎಂದು ಗುರುತಿಸಿ, ನಮ್ಮ ಕೈಗೆ ಬಂದಿರುವ ವಾದ್ಯ ಆ ಕೆಲಸವನ್ನು ಇನ್ನೂ ಮಾಡುತ್ತಿದೆಯೇ ಎಂದು ಪರೀಕ್ಷಿಸಿ, ಅದು ನಮ್ಮ ಹಾಡಿಕೆಗೆ ಎಷ್ಟರ ಮಟ್ಟಿಗೆ ಒದಗುತ್ತದೆ ಎಂದು ಹೇಳುವುದನ್ನೇ ನಾನು ವಿಮರ್ಶೆ ಎಂದು ತಿಳಿದಿದ್ದೇನೆ. ಭಜನಾ ಮಂಡಳಿ, ಆರ್ಕೆಸ್ಟ್ರಾ, ಚರ್ಚಿನ ಗಾಯನವೃಂದ, ನಾಟಕದ ಹಾರ್ಮೋನಿಯಂ ಮಾಸ್ತರು, ಹೀಗೆ ಬೇರೆ ಬೇರೆ ಅಗತ್ಯಗಳವರಿಗಾಗಿ ಕೀಬೋರ್ಡು ನೋಡಿ ಕೊಡುತ್ತಾ ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ವಾದ್ಯದ ಜಾತಕ ಬರೆದುಕೊಳ್ಳಿ

ಸ್ವಿಚ್ ಹಾಕುವುದಕ್ಕೆ ಮೊದಲೇ ನೋಟ್‌ಬುಕ್ಕಿನಲ್ಲಿ ವಾದ್ಯದ ಹುಟ್ಟಿದ ವರ್ಷ, ಅದು ನಾದವನ್ನು ಉಂಟುಮಾಡುವ ಬಗೆ, ಏಕಕಾಲಕ್ಕೆ ನುಡಿಸಬಲ್ಲ ಸ್ವರಗಳ ಸಂಖ್ಯೆ, ಇಷ್ಟನ್ನು ಬರೆದುಕೊಳ್ಳಬೇಕು. ಇಷ್ಟು ತಿಳಿಯದೆ ಕುಳಿತರೆ ವಾದ್ಯದ ಸ್ವಭಾವವನ್ನೇ ದೋಷವೆಂದು ಬರೆದುಬಿಡುವ ಅಪಾಯವಿದೆ. ಮಿನಿಮೂಗ್‌ನಲ್ಲಿ ತರಂಗ ಹುಟ್ಟಿಸುವ ಮೂರು ಆಸಿಲೇಟರ್‌ಗಳಿದ್ದರೂ ಒಮ್ಮೆಗೆ ನುಡಿಯುವುದು ಒಂದೇ ಮನೆ. ಅದರಲ್ಲಿ ಕಾರ್ಡ್ (ಹಲವು ಸ್ವರಗಳನ್ನು ಒಟ್ಟಿಗೆ) ಹಿಡಿಯಲಾಗುವುದಿಲ್ಲ ಎಂದು ದೂರುವುದು ಕೊಳಲಿನಲ್ಲಿ ಕಾರ್ಡ್ ಬರುವುದಿಲ್ಲ ಎಂದು ದೂರಿದಂತೆ. 1984ರ ರೋಲ್ಯಾಂಡ್ ಜೂನೊ-106ರ ಮನೆಗಳನ್ನು ಮೆಲ್ಲಗೆ ಒತ್ತಿದರೂ ಗುದ್ದಿದರೂ ಒಂದೇ ಜೋರಿನ ಸ್ವರ ಬರುತ್ತದೆ, ಏಕೆಂದರೆ ಬೆರಳಿನ ವೇಗವನ್ನು ಅಳೆಯುವ ಏರ್ಪಾಡೇ ಅದರಲ್ಲಿಲ್ಲ. 1983ರ ಯಮಹಾ ಡಿಎಕ್ಸ್7ರಲ್ಲಿ ಆ ಏರ್ಪಾಡು ಇದೆ, ಹದಿನಾರು ಸ್ವರಗಳು ಒಟ್ಟಿಗೆ ನುಡಿಯುತ್ತವೆ. ಆದರೆ ಧ್ವನಿಗೆ ಪ್ರತಿಧ್ವನಿ ಕೊಡುವ ರಿವರ್ಬ್, ಹಲವರು ಕೂಡಿ ನುಡಿಸಿದಂತೆ ಮಾಡುವ ಕೋರಸ್ ಯಾವುದೂ ಒಳಗಿಲ್ಲ, ಹೊರಬರುವ ಧ್ವನಿಯೂ ಎಡ-ಬಲ ಭೇದವಿಲ್ಲದ ಮೋನೊ. ‘ಬರಡು ಧ್ವನಿ’ ಎಂದು ಅದನ್ನು ತಳ್ಳಿಹಾಕುವವರು ಸಾಮಾನ್ಯವಾಗಿ ಇಂದಿನ ಕೀಬೋರ್ಡಿನ ಒಳಗೇ ಬೆರೆತು ಬರುವ ರಿವರ್ಬಿಗೆ ಕಿವಿ ಒಗ್ಗಿದವರೇ ಆಗಿರುತ್ತಾರೆ.

ಜಾತಕದಲ್ಲಿ ಮುಖ್ಯವಾದದ್ದು ನಾದ ಹುಟ್ಟುವ ಬಗೆ. ಮಿನಿಮೂಗ್, ಜೂನೊಗಳು ದಟ್ಟವಾದ ತರಂಗವೊಂದನ್ನು ಮೊದಲು ಉಂಟುಮಾಡಿ, ಬಳಿಕ ಫಿಲ್ಟರಿನಿಂದ ಬೇಡವಾದ ಭಾಗವನ್ನು ಕೆತ್ತಿ ತೆಗೆಯುತ್ತವೆ. ಕಿನ್ನಾಳದ ಕುಶಲಕರ್ಮಿ ಮರದ ತುಂಡಿನಿಂದ ಗೊಂಬೆಯನ್ನು ಬಿಡಿಸುವ ಕೆಲಸಕ್ಕೆ ಇದು ಹತ್ತಿರ. ಡಿಎಕ್ಸ್7 ಇದಕ್ಕೆ ವಿರುದ್ಧ ದಾರಿ ಹಿಡಿಯುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಕಂಡುಕೊಂಡ ಎಫ್ಎಂ ವಿಧಾನದಲ್ಲಿ ಸರಳ ತರಂಗವೊಂದು ಇನ್ನೊಂದನ್ನು ಅಲುಗಾಡಿಸಿದಾಗ ಹೊಸ ಹೊಸ ಅನುರಣನಗಳು ಹುಟ್ಟುತ್ತವೆ. ಅಂತಹ ಆರು ತರಂಗಗಳನ್ನು 32 ಬಗೆಯಲ್ಲಿ ಜೋಡಿಸಲು ಡಿಎಕ್ಸ್7ರಲ್ಲಿ ಅವಕಾಶವಿದೆ. ಆದ್ದರಿಂದಲೇ ಗಂಟೆ, ತಾಳ, ವಿದ್ಯುತ್ ಪಿಯಾನೊಗಳಂತಹ ಲೋಹದ ಗುಣವುಳ್ಳ ನಾದಗಳು ಅದರಲ್ಲಿ ಅಷ್ಟು ಸ್ಪಷ್ಟವಾಗಿ ಬರುತ್ತವೆ. 1988ರ ಕೊರ್ಗ್ ಎಂ1 ನಿಜವಾದ ವಾದ್ಯಗಳ ಧ್ವನಿಯ ತುಣುಕುಗಳನ್ನು ಕೇವಲ 4 ಮೆಗಾಬೈಟ್ ಜಾಗದಲ್ಲಿ ತುಂಬಿಕೊಂಡು ಬಂತು. ನಮ್ಮ ಭಾಗದ ಆರ್ಕೆಸ್ಟ್ರಾಗಳಲ್ಲಿ ಇಂದು ಕಾಣುವ ಹೆಚ್ಚಿನ ಕೀಬೋರ್ಡುಗಳೂ ಹೀಗೆ ಧ್ವನಿಯ ತುಣುಕುಗಳಿಂದ ನುಡಿಯುವಂಥವೇ. ಅವುಗಳನ್ನು ವಿಮರ್ಶಿಸುವಾಗ ಒಂದು ತುಣುಕು ಎಷ್ಟು ಮನೆಗಳಿಗೆ ಹರಡಿದೆ, ಮೇಲಿನ ಸ್ಥಾಯಿಗೆ ಹೋದಾಗ ಶಹನಾಯಿ ಕೀರಲು ಧ್ವನಿಯಾಗುತ್ತದೆಯೇ ಎಂಬುದನ್ನು ತಪ್ಪದೆ ನೋಡಬೇಕು.

ಸ್ವಿಚ್ ಹಾಕುವ ಮೊದಲು ಹಿಂಬದಿಯನ್ನು ಓದಿ

ಈ ಹೆಜ್ಜೆಯನ್ನು ನಾನು ನಷ್ಟಪಟ್ಟು ಕಲಿತೆ. ಗಂಗಾವತಿಯಲ್ಲಿ ಆರ್ಕೆಸ್ಟ್ರಾ ನಿಲ್ಲಿಸಿದವರೊಬ್ಬರಿಂದ ಹಳೆಯ ಜಪಾನಿ ಸಿಂಥ್ ಒಂದನ್ನು ತಂದು, ಮನೆಗೆ ಬಂದ ಆತುರದಲ್ಲಿ ಕೈಗೆ ಸಿಕ್ಕ ತಂತಿಯನ್ನು ಸಿಕ್ಕಿಸಿ ಸ್ವಿಚ್ ಒತ್ತಿದೆ. ‘ಟಪ್’ ಎಂದಿತು, ಸುಟ್ಟ ವಾರ್ನಿಷಿನ ವಾಸನೆ ಕೋಣೆಯಿಂದ ಎರಡು ದಿನ ಹೋಗಲಿಲ್ಲ. ಹಿಂಬದಿಯಲ್ಲಿ, ಧೂಳಿನ ಪದರದ ಕೆಳಗೆ, 100 ವೋಲ್ಟ್ ಎಂದು ಸ್ಪಷ್ಟವಾಗಿಯೇ ಬರೆದಿತ್ತು. ಜಪಾನಿನ ಮನೆಗಳ ವಿದ್ಯುತ್ 100 ವೋಲ್ಟ್, ಅಮೆರಿಕದ್ದು 120, ನಮ್ಮದು 230. ಕೈಯಿಂದ ಕೈಗೆ ಬಂದ ಹಳೆಯ ವಾದ್ಯ ಯಾವ ದೇಶಕ್ಕಾಗಿ ತಯಾರಾದದ್ದು ಎಂದು ಹಿಂಬದಿಯ ಪಟ್ಟಿಯನ್ನು ಓದಿಯೇ ತಿಳಿಯಬೇಕು. ಬೇರೆ ವೋಲ್ಟೇಜಿನದ್ದಾದರೆ ವೋಲ್ಟೇಜ್ ಇಳಿಸುವ ತಕ್ಕ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದನ್ನು ಮುಟ್ಟಬಾರದು. ಅಡಾಪ್ಟರಿನಿಂದ ನಡೆಯುವ ವಾದ್ಯಗಳಲ್ಲಿ ಇನ್ನೊಂದು ತೊಡಕಿದೆ. ಯಮಹಾದ ಹಲವು ಕೀಬೋರ್ಡುಗಳ ಅಡಾಪ್ಟರ್ 12 ವೋಲ್ಟಿನದು, ಪಿನ್ನಿನ ಒಳಭಾಗ ಧನ; ರೋಲ್ಯಾಂಡಿನ ಹಲವು ವಾದ್ಯಗಳದ್ದು 9 ವೋಲ್ಟ್, ಒಳಭಾಗ ಋಣ. ಪಿನ್ನು ಕೂರುತ್ತದೆ ಎಂಬ ಕಾರಣಕ್ಕೆ ಒಂದರದ್ದನ್ನು ಇನ್ನೊಂದಕ್ಕೆ ಹಾಕಬಾರದು. ಮಾರುವವರು ಕೊಟ್ಟ ಅಡಾಪ್ಟರ್ ಮೂಲದ್ದೋ ಅಲ್ಲವೋ ಎಂಬುದು ವಿಮರ್ಶೆಯಲ್ಲಿ ದಾಖಲಾಗಬೇಕಾದ ಸಂಗತಿ.

ಬಳಿಕ ಧೂಳನ್ನು ನೋಡಿ. ಮನೆಗಳ ಸಂದಿನಲ್ಲಿ ಬಿಳಿಯ ಹಾಳೆಯ ಅಂಚನ್ನು ಎಳೆದರೆ ವಾದ್ಯ ಎಲ್ಲಿ ಬಾಳಿತು ಎಂಬುದು ಬಹುಮಟ್ಟಿಗೆ ತಿಳಿದುಹೋಗುತ್ತದೆ: ಸಂಡೂರು, ತೋರಣಗಲ್ಲು ಕಡೆಯ ವಾದ್ಯವಾದರೆ ಹಾಳೆಗೆ ಅದಿರಿನ ಕೆಂಪು ಹತ್ತುತ್ತದೆ, ಸಿಂಧನೂರಿನ ಕಡೆಯದಾದರೆ ಎರೆಮಣ್ಣಿನ ಬೂದುಗಪ್ಪು. ಸಾಮಾನ್ಯ ಕೀಬೋರ್ಡಿನ ಪ್ರತಿ ಮನೆಯ ಕೆಳಗೂ ಇಂಗಾಲ ಲೇಪಿಸಿದ ರಬ್ಬರಿನ ಗುಬ್ಬಿಗಳಿದ್ದು, ಒತ್ತಿದಾಗ ಅವು ಕೆಳಗಿನ ಪಟ್ಟಿಗೆ ತಾಗಿ ಸ್ವರ ನುಡಿಸುತ್ತವೆ. ಧೂಳು ಅಲ್ಲಿಗೆ ಇಳಿದರೆ ಕೆಲವು ಮನೆಗಳು ನುಡಿಯುವುದಿಲ್ಲ, ಕೆಲವು ಎಷ್ಟು ಮೆಲ್ಲಗೆ ಒತ್ತಿದರೂ ಕಿರಿಚುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದರೆ ಹೋಗುವ ದೋಷವಿದು. ಇದನ್ನು ವಾದ್ಯದ ಗುಣವೆಂದು ಬರೆಯುವುದು ಅನ್ಯಾಯ.

ಒಳಗಿನ ಬ್ಯಾಟರಿಯ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಡಿಎಕ್ಸ್7, ಎಂ1ಗಳಲ್ಲಿ ಟೋನ್‌ಗಳನ್ನು ನೆನಪಿಟ್ಟುಕೊಳ್ಳಲು ನಾಣ್ಯದಾಕಾರದ 3 ವೋಲ್ಟಿನ ಲಿಥಿಯಂ ಸೆಲ್ ಇರುತ್ತದೆ. ಅದು ಸತ್ತರೆ ವಾದ್ಯ ಕೆಡುವುದಿಲ್ಲ, ಟೋನ್‌ಗಳು ಅಳಿಸಿಹೋಗುತ್ತವೆ, ಮಿಡಿ (ವಾದ್ಯವನ್ನು ಕಂಪ್ಯೂಟರಿಗೆ ಜೋಡಿಸುವ ವ್ಯವಸ್ಥೆ) ಮೂಲಕ ಮತ್ತೆ ತುಂಬಬಹುದು. ಕೊರ್ಗ್ ಪಾಲಿಸಿಕ್ಸ್‌ನ ಕಥೆ ಬೇರೆ. 1981ರ ಈ ವಾದ್ಯದೊಳಗಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ಸುತ್ತಲಿನ ಸರ್ಕ್ಯೂಟನ್ನೇ ತಿಂದುಹಾಕುತ್ತದೆ. ಆದ್ದರಿಂದ ಪಾಲಿಸಿಕ್ಸ್ ಅನ್ನು ಪರೀಕ್ಷಿಸುವವರು ಮುಚ್ಚಳ ತೆಗೆಸಿ ನೋಡದೆ ಒಂದು ಸಾಲನ್ನೂ ಬರೆಯಬಾರದೆಂದು ನನ್ನ ಅಭಿಪ್ರಾಯ.

ಒಂದೊಂದೇ ಮನೆ, ಒಂದೊಂದೇ ಗುಂಡಿ

ಮಿನಿಮೂಗ್‌ನಂತಹ ಹಳೆಯ ಅನಲಾಗ್ ವಾದ್ಯವನ್ನು ಹಚ್ಚಿದ ಕೂಡಲೇ ನುಡಿಸಬೇಡಿ. ಇಪ್ಪತ್ತು ನಿಮಿಷ ಬಿಸಿಯಾಗಲು ಬಿಟ್ಟು, ಹಚ್ಚಿದಾಗಿನ ಶ್ರುತಿಗೂ ಆಮೇಲಿನ ಶ್ರುತಿಗೂ ಎಷ್ಟು ವ್ಯತ್ಯಾಸ ಬಂತೆಂದು ಮೊಬೈಲಿನ ಟ್ಯೂನರಿನಲ್ಲಿ ನೋಡಿ ಬರೆದುಕೊಳ್ಳಿ. ನಂತರ ಕೆಳಗಿನ ಮನೆಯಿಂದ ಮೇಲಿನ ಮನೆಯವರೆಗೆ ಮೂರು ಸಲ, ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ಒತ್ತುತ್ತಾ ಹೋಗಿ. ಅರ್ಧ ಗಂಟೆ ಹಿಡಿಯುವ ಬೇಸರದ ಕೆಲಸವಿದು, ಪಕ್ಕದ ಮನೆಯವರಿಗಂತೂ ಇನ್ನೂ ಬೇಸರ. ಆದರೆ ಇದಕ್ಕೆ ಬದಲಿಯಿಲ್ಲ. ಗುಂಡಿ, ಸ್ಲೈಡರುಗಳನ್ನು ತಿರುಗಿಸುವಾಗ ‘ಚರ್‌ಬರ್’ ಸದ್ದು ಬಂದರೆ ಅದನ್ನೂ ಗುರುತು ಹಾಕಿಕೊಳ್ಳಿ. ಕಾಲಿನ ಪೆಡಲು ತಲೆಕೆಳಗಾಗಿ ಕೆಲಸ ಮಾಡಿದರೆ, ಅಂದರೆ ಕಾಲು ತೆಗೆದಾಗ ಸ್ವರ ನಿಂತುಕೊಂಡರೆ, ಪೆಡಲನ್ನು ಸಿಕ್ಕಿಸಿಟ್ಟೇ ವಾದ್ಯವನ್ನು ಆರಿಸಿ ಮತ್ತೆ ಹಚ್ಚಿ. ಹಲವು ಹೊಸ ವಾದ್ಯಗಳು ತಾವೇ ಸರಿಪಡಿಸಿಕೊಳ್ಳುತ್ತವೆ.

ಏಕಕಾಲಕ್ಕೆ ಹಲವು ಸ್ವರ ನುಡಿಸುವ ಹಳೆಯ ಅನಲಾಗ್ ವಾದ್ಯದಲ್ಲಿ ಪ್ರತಿ ಸ್ವರಕ್ಕೂ ಪ್ರತ್ಯೇಕ ಸರ್ಕ್ಯೂಟ್ ಇರುತ್ತದೆ. ಜೂನೊ-106ರಲ್ಲಿ ಅಂತಹವು ಆರು. ಅವುಗಳ ಫಿಲ್ಟರ್ ಇರುವ 80017ಎ ಎಂಬ ಚಿಪ್ಪು ವಯಸ್ಸಾದಂತೆ ಕೆಡುವುದು ಜಗತ್ತಿನಾದ್ಯಂತ ತಿಳಿದ ಸಂಗತಿ. ಇದನ್ನು ಪರೀಕ್ಷಿಸಲು ‘ಕೀ ಟ್ರಾನ್ಸ್‌ಪೋಸ್’ (ಶ್ರುತಿ ಬದಲಿಸುವ) ಗುಂಡಿಯನ್ನು ಒತ್ತಿಹಿಡಿದು ವಾದ್ಯವನ್ನು ಹಚ್ಚಬೇಕು. ಆಗ ಅದು ಪರೀಕ್ಷಾ ಸ್ಥಿತಿಗೆ ಹೋಗಿ, ಮನೆ ಒತ್ತಿದಾಗಲೆಲ್ಲ ಯಾವ ಸಂಖ್ಯೆಯ ಸರ್ಕ್ಯೂಟ್ ನುಡಿಯುತ್ತಿದೆ ಎಂಬುದನ್ನು ಪರದೆಯ ಮೇಲೆ ತೋರಿಸುತ್ತದೆ. ಒಂದರಿಂದ ಆರರವರೆಗೆ ಒಂದೇ ಸ್ವರವನ್ನು ಒತ್ತುತ್ತಾ ಕಣ್ಣುಮುಚ್ಚಿ ಕೇಳಿ. ಐದು ಸಲ ಒಂದೇ ಬಗೆಯ ನಾದ ಬಂದು ಆರನೆಯ ಸಲ ಒರಟಾಗಿಯೋ ಕ್ಷೀಣವಾಗಿಯೋ ಬಂದರೆ, ಇಲ್ಲವೇ ಕೈ ಎತ್ತಿದ ಮೇಲೂ ಚಿಟಿಚಿಟಿ ಸದ್ದು ಉಳಿದರೆ, ರೋಗ ಎಲ್ಲಿದೆ ಎಂಬುದು ಆ ಸಂಖ್ಯೆಯಿಂದಲೇ ಗೊತ್ತಾಗುತ್ತದೆ. ಬೆಲೆ ಮಾತಾಡುವಾಗ ಈ ಒಂದು ಪರೀಕ್ಷೆ ಉಳಿಸುವ ಹಣ ಸಣ್ಣದಲ್ಲ.

ಗಾಂಧಾರವನ್ನು ತಂಬೂರಿಯ ಎದುರು ನಿಲ್ಲಿಸಿ

ಹೊರದೇಶದ ವಿಮರ್ಶೆಗಳಲ್ಲಿ ವಿರಳವಾಗಿ ಕಾಣುವ, ನಮಗೆ ಮಾತ್ರ ಅತ್ಯಗತ್ಯವಾದ ಹೆಜ್ಜೆ ಇದು. ಕೀಬೋರ್ಡಿನ ಹನ್ನೆರಡು ಮನೆಗಳು ಸಮಪಾಲಿನ ಶ್ರುತಿಯಲ್ಲಿರುತ್ತವೆ, ನಮ್ಮ ಕಿವಿ ತಂಬೂರಿಯ ಶ್ರುತಿಯಲ್ಲಿರುತ್ತದೆ. 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಾಗ ಎತ್ತಿದ್ದ ಆಕ್ಷೇಪಗಳಲ್ಲಿ ಇದೂ ಒಂದು. ಆ ಕಾಲದಲ್ಲೂ ನಮ್ಮ ವೃತ್ತಿರಂಗಭೂಮಿಯ ನಟರು ಲೆಗ್ ಹಾರ್ಮೋನಿಯಂ ಮುಂದೆ ನಿಂತೇ ಹಾಡುತ್ತಿದ್ದರು ಎಂಬುದು ಬೇರೆ ಮಾತು. ಲೆಕ್ಕ ಹೀಗಿದೆ: ಷಡ್ಜ 240 ಹರ್ಟ್ಸ್ ಆಗಿದ್ದರೆ ತಂಬೂರಿಯ ಅನುರಣನದಲ್ಲಿ ಕೇಳುವ ಗಾಂಧಾರ, ಕರ್ನಾಟಕ ಪದ್ಧತಿಯವರ ಅಂತರ ಗಾಂಧಾರ, ಹಿಂದೂಸ್ತಾನಿಯವರ ಶುದ್ಧ ಗಾಂಧಾರ, 300 ಹರ್ಟ್ಸ್ ಆಗುತ್ತದೆ, ಕೀಬೋರ್ಡಿನದ್ದು ಸುಮಾರು 302.4. ವ್ಯತ್ಯಾಸ ಸಣ್ಣದೆನಿಸಿದರೂ ಎರಡನ್ನೂ ಒಟ್ಟಿಗೆ ಬಿಟ್ಟರೆ ಮೇಲಿನ ಅನುರಣನಗಳು ಒಂದಕ್ಕೊಂದು ತಾಗಿ, ಸೆಕೆಂಡಿಗೆ ಒಂಬತ್ತು-ಹತ್ತು ಸಲ ನಡುಗುವ ಅಲೆಯೊಂದು ಕಿವಿಗೆ ಬೀಳುತ್ತದೆ.

ಪರೀಕ್ಷೆಯನ್ನು ಹೀಗೆ ಮಾಡಿ. ಮೊಬೈಲಿನ ತಂಬೂರಿಯನ್ನು ಕೀಬೋರ್ಡಿನ ಷಡ್ಜಕ್ಕೆ ಸರಿಯಾಗಿ ಕೂಡಿಸಿ, ಅಲುಗಾಟವಿಲ್ಲದ ಆರ್ಗನ್ ಅಥವಾ ಹಾರ್ಮೋನಿಯಂ ಟೋನಿನಲ್ಲಿ ಗಾಂಧಾರವನ್ನು ಒತ್ತಿಹಿಡಿಯಿರಿ. ನಡುಕ ಕೇಳಿದ ಮೇಲೆ ವಾದ್ಯದ ಮೆನುವಿನಲ್ಲಿ ಒಂದೊಂದೇ ಸ್ವರದ ಶ್ರುತಿಯನ್ನು ತಿದ್ದುವ ಸ್ಕೇಲ್ ಟ್ಯೂನ್ ಇದೆಯೇ ನೋಡಿ, ಇದ್ದರೆ ಗಾಂಧಾರವನ್ನು 14 ಸೆಂಟ್ (ಅರ್ಧಸ್ವರದ ನೂರರಲ್ಲಿ ಒಂದು ಪಾಲು ಒಂದು ಸೆಂಟ್) ಇಳಿಸಿ. ನಡುಕ ನಿಂತು ಸ್ವರ ತಂಬೂರಿಯೊಳಗೆ ಕರಗಿಹೋಗುವ ಆ ಕ್ಷಣವನ್ನು ಒಮ್ಮೆ ಕೇಳಿದವರು ಮುಂದೆ ಸ್ಕೇಲ್ ಟ್ಯೂನ್ ಇಲ್ಲದ ವಾದ್ಯವನ್ನು ಹಾಡುಗಾರರಿಗೆ ಶಿಫಾರಸು ಮಾಡಲು ಹಿಂಜರಿಯುತ್ತಾರೆ, ನಾನಂತೂ ಹಿಂಜರಿಯುತ್ತೇನೆ. ಕರಿ ಒಂದರಿಂದ ಕರಿ ನಾಲ್ಕಕ್ಕೆ ಶ್ರುತಿ ಬದಲಿಸಿದಾಗ ಈ ತಿದ್ದುಪಡಿಯೂ ಜೊತೆಗೆ ಸರಿಯುತ್ತದೆಯೋ, ಹಳೆಯ ಮನೆಯಲ್ಲೇ ಉಳಿದು ಬೇರೆ ಸ್ವರವನ್ನು ಕೆಡಿಸುತ್ತದೆಯೋ ಎಂಬುದನ್ನೂ ನೋಡಬೇಕು.

ಮುಂದಿನದು ಗಮಕ, ಮೀಂಡ್. ಪಿಚ್ ಚಕ್ರವನ್ನು ಪೂರ್ತಿ ತಿರುಗಿಸಿದರೆ ಸಾಮಾನ್ಯವಾಗಿ ಎರಡು ಅರ್ಧಸ್ವರದಷ್ಟು ಸರಿಯುತ್ತದೆ. ಇದನ್ನು ನಾಲ್ಕೈದಕ್ಕೆ ಏರಿಸಲು ಬರುತ್ತದೆಯೇ, ಏರಿಸಿದಾಗ ಜಾರು ನುಣುಪಾಗಿದೆಯೋ ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತದೆಯೋ ಎಂದು ತೋಡಿಯ ಗಾಂಧಾರವನ್ನು ನುಡಿಸಿ ನೋಡಿ. ನಂತರ ಸ್ವರದಿಂದ ಸ್ವರಕ್ಕೆ ಜಾರಿಸುವ ಪೋರ್ಟಮೆಂಟೊ ಹಚ್ಚಿ, ಒಂದು ಮನೆಯನ್ನು ಬಿಡದೆ ಇನ್ನೊಂದನ್ನು ಒತ್ತಿದಾಗ ಮಾತ್ರ ಜಾರುತ್ತದೆಯೋ, ಪ್ರತಿ ಸಲವೂ ಜಾರಿ ಹಾಡನ್ನು ಕೆಡಿಸುತ್ತದೆಯೋ ಗಮನಿಸಿ. ಸಿಂಥ್ ರಾಗಕ್ಕೆ ಒಗ್ಗುವುದಿಲ್ಲ ಎನ್ನುವವರಿಗೆ ನಾನು ಮುಂಬೈಯ ಚರಣ್‌ಜಿತ್ ಸಿಂಗ್ ಅವರ ಹೆಸರು ಹೇಳುತ್ತೇನೆ. 1982ರಲ್ಲೇ ಅವರು ರೋಲ್ಯಾಂಡಿನ ಜುಪಿಟರ್-8, ಟಿಬಿ-303, ಟಿಆರ್-808 ಎಂಬ ಮೂರು ವಾದ್ಯಗಳನ್ನಿಟ್ಟುಕೊಂಡು ರಾಗಗಳನ್ನು ಧ್ವನಿಮುದ್ರಿಸಿದ್ದರು.

ಹೊಸ ವಾದ್ಯಗಳಲ್ಲಿ ಈ ದೃಷ್ಟಿಯಿಂದ ಕುತೂಹಲ ಹುಟ್ಟಿಸುವವು ಕೆಲವಿವೆ. ರೋಲಿ ಸೀಬೋರ್ಡ್‌ನಲ್ಲಿ ಬಿಡಿಬಿಡಿ ಮನೆಗಳೇ ಇಲ್ಲ, ಮೆತ್ತನೆಯ ಒಂದೇ ಮೈಯ ಮೇಲೆ ಬೆರಳನ್ನು ಅಲುಗಿಸಿದರೆ ಸ್ವರವೂ ಅಲುಗುತ್ತದೆ. 2019ರ ಆರ್ಟೂರಿಯಾ ಮೈಕ್ರೊಫ್ರೀಕ್‌ನ 25 ಮನೆಗಳು ಕೆಳಗಿಳಿಯುವುದೇ ಇಲ್ಲ. ಸ್ಪರ್ಶವನ್ನು ಗ್ರಹಿಸುವ ತಗಡಿನಂತಹ ಮೈಯ ಮೇಲೆ ಬೆರಳಿಟ್ಟರೆ ಸಾಕು, ಪ್ರತಿ ಬೆರಳಿನ ಒತ್ತಡವನ್ನೂ ಅದು ಬೇರೆಬೇರೆಯಾಗಿ ತಿಳಿಯುತ್ತದೆ. ಕೊರ್ಗ್ ಮೊನೊಲಾಗ್‌ನಲ್ಲಿ ಪ್ರತಿ ಸ್ವರದ ಶ್ರುತಿಯನ್ನೂ ನಾವೇ ಬರೆಯಬಹುದು. ಇಂತಹವನ್ನು ವಿಮರ್ಶಿಸುವಾಗ ಹಾರ್ಮೋನಿಯಂ ಕೈಯವರಿಗೂ ಒಮ್ಮೆ ನುಡಿಸಲು ಕೊಡಿ. ಇಪ್ಪತ್ತು ವರ್ಷ ಪೆಟ್ಟಿಗೆ ನುಡಿಸಿದ ಬೆರಳು ಹತ್ತು ನಿಮಿಷದಲ್ಲಿ ಹೇಳುವ ಮಾತು ನಮ್ಮ ಹತ್ತು ದಿನದ ಅಭ್ಯಾಸಕ್ಕಿಂತ ಹೆಚ್ಚಿನದಾಗಿರುತ್ತದೆ.

ಬಿಸಿಲು, ಜನರೇಟರ್, ಕತ್ತಲೆ

ಏಪ್ರಿಲ್-ಮೇ ತಿಂಗಳುಗಳಲ್ಲಿ ಬಳ್ಳಾರಿ, ರಾಯಚೂರುಗಳ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ, ಮದುವೆ-ಜಾತ್ರೆಗಳ ಕಾಲವೂ ಅದೇ. ಮೈಕ್ರೊಫ್ರೀಕಿನಂತಹ ಸ್ಪರ್ಶದ ಮನೆಗಳನ್ನು ಬೆವರಿದ ಬೆರಳಿನಿಂದಲೂ ನುಡಿಸಿ ನೋಡಬೇಕು. ತಂಪಾದ ಕೋಣೆಯಲ್ಲಿ ಬರೆದ ಪ್ರಶಂಸೆ ಪೆಂಡಾಲಿನಲ್ಲಿ ನಿಲ್ಲದೆ ಹೋಗಬಹುದು. ಪರದೆಯನ್ನು ಒಮ್ಮೆ ಬಿಸಿಲಿನಲ್ಲಿ, ಒಮ್ಮೆ ಕತ್ತಲೆಯಲ್ಲಿ ಓದಿ ನೋಡಿ.

ನಾನು ತಪ್ಪದೆ ಅಳೆಯುವ ಒಂದು ಅಂಕಿಯಿದೆ: ಕರೆಂಟ್ ಹೋಗಿ ಬಂದ ಮೇಲೆ ಮೊದಲ ಸ್ವರ ನುಡಿಯಲು ಎಷ್ಟು ಸೆಕೆಂಡ್ ಬೇಕು. ಭಜನೆಯ ನಡುವೆ ಜನರೇಟರ್ ಬದಲಾಗುವಾಗ ತಾಳ ನಿಲ್ಲುವುದಿಲ್ಲ, ಹಾಡುವವರೂ ನಿಲ್ಲುವುದಿಲ್ಲ, ಕೀಬೋರ್ಡಿನವನು ಮಾತ್ರ ಪರದೆ ನೋಡುತ್ತಾ ಕುಳಿತಿರುತ್ತಾನೆ. ಸ್ಯಾಂಪಲ್‌ಗಳನ್ನು (ಧ್ವನಿಯ ತುಣುಕುಗಳನ್ನು) ತುಂಬಿಕೊಂಡ ವಾದ್ಯಕ್ಕೆ ಸಮಯ ಹೆಚ್ಚು ಹಿಡಿಯುತ್ತದೆ, ಹಳೆಯ ಡಿಎಕ್ಸ್7 ಬಹುತೇಕ ತಕ್ಷಣ ಎದ್ದು ನಿಲ್ಲುತ್ತದೆ. ಸೆಕೆಂಡುಗಳ ಜೊತೆಗೆ, ಎದ್ದ ಮೇಲೆ ಹಿಂದಿನ ಟೋನ್ ಮತ್ತು ಟ್ರಾನ್ಸ್‌ಪೋಸ್ ಉಳಿದಿವೆಯೋ, ಎಲ್ಲವೂ ಮೊದಲಿನ ಪಿಯಾನೊಗೆ ಮರಳಿದೆಯೋ ಎಂಬುದನ್ನೂ ಬರೆಯಿರಿ. ಬ್ಯಾಟರಿಯ ಮೇಲೂ ನಡೆಯುವ ವಾದ್ಯಕ್ಕೆ ನಮ್ಮ ಕಡೆ ಈ ಕಾರಣಕ್ಕೇ ಹೆಚ್ಚಿನ ಅಂಕ ಕೊಡಬೇಕು.

ಬರೆಯುವಾಗ

ನಾದವನ್ನು ಮಾತಿನಲ್ಲಿ ಹಿಡಿಯುವುದು ವಿಮರ್ಶೆಯ ಕಷ್ಟದ ಭಾಗ. ಇಂಗ್ಲಿಷ್ ವಿಮರ್ಶೆಗಳ ‘ಬೆಚ್ಚಗಿನ’, ‘ದಪ್ಪನೆಯ’ ಧ್ವನಿಗಳನ್ನು ಹಾಗೆಯೇ ಕನ್ನಡಕ್ಕೆ ತಂದರೆ ಓದುಗನಿಗೆ ಏನೂ ಕೇಳಿಸುವುದಿಲ್ಲ. ಅವನು ಕೇಳಿ ಬಲ್ಲ ಸದ್ದುಗಳಿಗೆ ಹೋಲಿಸಿ: ಡಿಎಕ್ಸ್7ರ ವಿದ್ಯುತ್ ಪಿಯಾನೊ ಕಂಚಿನ ಬಟ್ಟಲಿನ ಅಂಚಿಗೆ ಉಗುರು ತಾಗಿದಂತೆ ಶುರುವಾಗಿ ಮೆತ್ತಗಾಗುತ್ತದೆ, ಜೂನೊದ ಕೋರಸ್ ಹಚ್ಚಿದರೆ ಒಂದೇ ಸ್ವರವನ್ನು ನಾಲ್ಕು ಜನ ಕೂಡಿ ಎತ್ತಿದಂತಾಗುತ್ತದೆ, ಹಿಂದೆ ಸಣ್ಣಗೆ ‘ಸ್’ ಎಂಬ ಉಸಿರೂ ಇರುತ್ತದೆ. ಯಾವ ಸ್ಪೀಕರಿನಲ್ಲಿ ಕೇಳಿದಿರಿ, ರಿವರ್ಬ್ ಆರಿಸಿದ್ದಿರೋ ಇಲ್ಲವೋ, ಎಷ್ಟು ಗಂಟೆ ನುಡಿಸಿದಿರಿ, ವಾದ್ಯ ಸ್ವಂತದ್ದೋ ಎರವಲೋ ಅಂಗಡಿಯವರು ಕೊಟ್ಟದ್ದೋ, ಹಿಂದೆ ಯಾವ ಭಾಗ ದುರಸ್ತಿಯಾಗಿದೆ ಎಂಬುದನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡಿ. ಬೆಲೆಯ ಜೊತೆ ಟ್ರಾನ್ಸ್‌ಫಾರ್ಮರ್, ಸ್ಟ್ಯಾಂಡ್, ಕೇಸು, ಹತ್ತಿರದ ರಿಪೇರಿಯವರ ಊರು ಇವೆಲ್ಲ ಸೇರಬೇಕು. ಚಿಪ್ಪು ಬದಲಿಸಲು ಬೆಂಗಳೂರಿಗೋ ಹೈದರಾಬಾದಿಗೋ ಹೊತ್ತೊಯ್ಯಬೇಕಾದರೆ ಆ ಓಡಾಟದ ಖರ್ಚೂ ವಾದ್ಯದ ಬೆಲೆಯೇ.

ಎರವಲು ತಂದ ವಾದ್ಯವಾದರೆ ಪರೀಕ್ಷೆ ಆರಂಭಿಸುವ ಮೊದಲೇ ಯಜಮಾನರ ಟೋನ್‌ಗಳನ್ನು ಪೆನ್‌ಡ್ರೈವಿಗೋ ಮಿಡಿ ಮೂಲಕ ಕಂಪ್ಯೂಟರಿಗೋ ಉಳಿಸಿಟ್ಟುಕೊಂಡು, ಕೆಲಸ ಮುಗಿದ ಮೇಲೆ ಮತ್ತೆ ತುಂಬಿ ಕೊಡಿ. ಸ್ಕೇಲ್ ಟ್ಯೂನ್ ಮತ್ತು ಟ್ರಾನ್ಸ್‌ಪೋಸ್ ಎರಡನ್ನೂ ಸೊನ್ನೆಗೆ ತಂದು, ಪರದೆಯನ್ನು ಅವರಿಗೇ ತೋರಿಸಿ ಕೈಗಿಡಿ. ನಾನು ಒಮ್ಮೆ ಮರೆತಿದ್ದೆ. ಅಂದು ಸಂಜೆ ಮಠದ ಭಜನೆಯಲ್ಲಿ ಕರಿ ಒಂದರಲ್ಲಿ ಹಾಡು ಎತ್ತಿದವರಿಗೆ ಕೀಬೋರ್ಡು ಬಿಳಿ ಮೂರರಲ್ಲಿ ಉತ್ತರ ಕೊಟ್ಟಿತಂತೆ.